ಮೇಣದಕ್ಕನ ಕೈ, ನನ್ನ ಚೂರಿ

ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಹಲ್ಲಿನ ಲ್ಯಾಬಿನಲ್ಲಿ ಎನ್ನುತ್ತೇನೆ. ಕೇಳಿದವರು ಬಿಳಿ ಕೋಟು, ಗಾಜಿನ ಬಾಗಿಲು ಎಲ್ಲ ಊಹಿಸಿಕೊಂಡು ಮರ್ಯಾದೆಯಿಂದ ತಲೆಯಾಡಿಸುತ್ತಾರೆ. ನಾನೂ ತಿದ್ದುವ ಗೋಜಿಗೆ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ನಾನು ಗಾರೆ ಕಲಸುವವನು. ಮನೆ ಕಟ್ಟುವವರೂ ಕಲಸುತ್ತಾರೆ. ಅವರದು ದೊಡ್ಡ ಬಾಣಲಿ, ನನ್ನದು ಅಂಗೈಯಗಲದ ರಬ್ಬರ್ ಬಟ್ಟಲು. ಅವರ ಗೋಡೆ ಐವತ್ತು ವರ್ಷ ನಿಲ್ಲುತ್ತದೆ, ನಾನು ಕಲಸಿದ್ದು ಒಂದು ವರ್ಷಕ್ಕೆ ಕಸದ ಬುಟ್ಟಿ ಸೇರುತ್ತದೆ.

ಕೆಲಸ ಹೀಗೆ. ಕ್ಲಿನಿಕ್ಕಿನವರು ರೋಗಿಯ ಬಾಯಿಗೆ ಗುಲಾಬಿ ಬಣ್ಣದ ಹಿಟ್ಟು ಒತ್ತಿ ಅಚ್ಚು ತೆಗೆದು ಕಳಿಸುತ್ತಾರೆ. ಹಲ್ಲಿದ್ದ ಕಡೆಯೆಲ್ಲ ಅದರಲ್ಲಿ ಕುಳಿ ಬಿದ್ದಿರುತ್ತದೆ. ಆ ಕುಳಿಗಳಿಗೆ ನಾನು ಗಾರೆ ಹುಯ್ದು, ಗಟ್ಟಿಯಾದ ಮೇಲೆ ಬಿಡಿಸುತ್ತೇನೆ. ಒಂದು ಬಿಳಿ ದವಡೆ ಕೈಗೆ ಬರುತ್ತದೆ. ಹಿಟ್ಟಿನಲ್ಲಿ ಎಲ್ಲಾದರೂ ಗಾಳಿ ಗುಳ್ಳೆ ಸಿಕ್ಕಿಕೊಂಡಿದ್ದರೆ ಅಲ್ಲಿಗೂ ಗಾರೆ ಇಳಿದು, ಹಲ್ಲಿನ ಮೇಲೆ ಬೇಡದ ಗಂಟೊಂದು ಎದ್ದಿರುತ್ತದೆ. ಅದನ್ನು ಚೂರಿಯ ತುದಿಯಿಂದ ಕೆರೆದು ತೆಗೆಯಬೇಕು. ಸೇರಿದ ಮೊದಲ ದಿನವೇ ಕಲಿಸುವ ಪಾಠ ಇದು. ನಾನು ಜೀವನದಲ್ಲಿ ಚೆನ್ನಾಗಿ ಕಲಿತ ಒಂದೇ ಪಾಠವೂ ಇದೇ ಇರಬೇಕು.

ನನಗಿಂತ ಮೊದಲು ಗಾರೆ ಕೋಣೆಯಲ್ಲಿದ್ದವರನ್ನು ಗುಳ್ಳೆ ಮಾವ ಎನ್ನುತ್ತಿದ್ದರು. ಅವರ ದವಡೆಗಳ ಮೇಲೆ ಸಿಡುಬು ಎದ್ದಂತೆ ಗಂಟುಗಳು. ಅವರು ಕೆರೆಯುತ್ತಿರಲಿಲ್ಲ, ಬೇಕಾದವರು ಕೆರೆದುಕೊಳ್ಳಲಿ ಎಂದು ಕಿಟಕಿಯ ಬಳಿ ಕೂತುಬಿಡುತ್ತಿದ್ದರಂತೆ. ನಾನು ಬಂದ ಮೇಲೆ ದವಡೆಗಳು ಫಳಫಳ ಎನ್ನತೊಡಗಿದವು. ಯಜಮಾನರು ಮೊದಲ ವಾರವೇ ನನ್ನ ದವಡೆಯೊಂದನ್ನು ಎಲ್ಲರಿಗೂ ಎತ್ತಿ ತೋರಿಸಿ, ಕೆಲಸ ಅಂದರೆ ಹೀಗಿರಬೇಕು ಎಂದರು. ಅಂದಿನಿಂದ ನನ್ನ ಹೆಸರು ನೀಟಪ್ಪ. ಹೆಸರಿಟ್ಟದ್ದು ತಮಾಷೆಗೆ. ನಾನು ಅದನ್ನು ಪದವಿ ಎಂದುಕೊಂಡೆ.

ಈ ಪೀಠಿಕೆಯೆಲ್ಲ ಮೇಣದಕ್ಕನ ಬಗ್ಗೆ ಹೇಳುವುದಕ್ಕೆ. ನನ್ನ ಬಗ್ಗೆ ಇಷ್ಟು ಸಾಕು, ಇನ್ನು ಬರುವುದೆಲ್ಲ ಅವಮಾನವೇ.

ಮೇಣದಕ್ಕ ನಮ್ಮ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಮೇಣದಲ್ಲಿ ಹಲ್ಲು ಕೆತ್ತುತ್ತಿದ್ದಾರೆ, ಬಾಯಿಯೊಳಗೆ ಕೂರುವ ಪ್ಲೇಟುಗಳನ್ನು ಮಾಡುತ್ತಿದ್ದಾರೆ. ಹತ್ತೊಂಬತ್ತನೇ ವಯಸ್ಸಿಗೆ ಅವರು ಇಲ್ಲಿಗೆ ಬಂದದ್ದು ಅಚ್ಚು ತೆಗೆಯುವ ತಟ್ಟೆ ತೊಳೆಯುವುದಕ್ಕೆ. ಅವರ ಕೆಳಗಿನ ಸಾಲಿನ ಮುಂದಿನ ಎರಡು ಹಲ್ಲು ಹುಟ್ಟುವಾಗಲೇ ಒಂದಕ್ಕೊಂದು ಕೂಡಿಕೊಂಡು ಒಂದೇ ಅಗಲವಾದ ಹಲ್ಲಾಗಿ ಬಂದಿವೆ. ಶಾಲೆಯಲ್ಲಿ ಅವರನ್ನು ಗುದ್ದಲಿ ಎಂದು ಕರೆಯುತ್ತಿದ್ದರಂತೆ. ಚಿಕ್ಕಂದಿನಲ್ಲಿ ಏನು ಕಚ್ಚಿದೆಯೋ ಏನೋ ಎಂದು ಅವರಮ್ಮ, ಸರಿಯಾಗಿ ಉಜ್ಜದಿದ್ದರೆ ಹೀಗೇ ಆಗುವುದು ಎಂದು ಮೇಷ್ಟ್ರು. ಹುಟ್ಟಿನಿಂದ ಬಂದದ್ದು ಎಂದು ಯಾರಿಗೂ ಹೊಳೆಯಲಿಲ್ಲ. ಅವರು ತಟ್ಟೆ ತೊಳೆಯುತ್ತಿದ್ದಾಗ ಹಳೇ ಯಜಮಾನರು, ಈಗಿನವರ ತಂದೆ, ಆ ಹಲ್ಲು ನೋಡಿ ಕುತೂಹಲಕ್ಕೆ ಅಚ್ಚು ತೆಗೆಸಿದರಂತೆ. ತನ್ನದೇ ದವಡೆಯನ್ನು ಅಂಗೈಯಲ್ಲಿಟ್ಟು ಮೂರು ನಿಮಿಷ ನೋಡಿ ಅಕ್ಕ ಹೇಳಿದ್ದು ಇಷ್ಟೇ: “ಹೊರಗಡೆಯಿಂದ ನೋಡಿದ್ರೆ ಅಷ್ಟೇನೂ ಕೆಟ್ಟದಾಗಿಲ್ಲ.” ಮಾರನೆಯ ದಿನ ಒಂದು ತುಂಡು ಮೇಣ ಕೇಳಿ ತೆಗೆದುಕೊಂಡರು.

ಆ ದವಡೆ ಇನ್ನೂ ಇದೆ. ವರ್ಷಕ್ಕೊಮ್ಮೆ ಹಳೆಯ ದವಡೆಗಳನ್ನು ಒಡೆದು ಎಸೆಯಬೇಕೆಂಬುದು ಲ್ಯಾಬಿನ ನಿಯಮ. ಅಕ್ಕ ಮಾತ್ರ ಮಕ್ಕಳ ದವಡೆಗಳಲ್ಲಿ ಮಾಮೂಲಿಯಲ್ಲದ್ದನ್ನು ಆರಿಸಿ ತಮ್ಮ ಮೇಜಿನ ಕೆಳಗೆ ಒಂದು ದೊಡ್ಡ ತಗಡಿನ ಡಬ್ಬಿಯಲ್ಲಿ ಇಡುತ್ತಾರೆ. ಹನ್ನೊಂದು ವರ್ಷದ ಹುಡುಗನೊಬ್ಬನ ಬಾಯಲ್ಲಿ ಒಟ್ಟು ಆರೇ ಹಲ್ಲು, ಅವೂ ಪೆನ್ಸಿಲ್ ಚೂಪು ಮಾಡಿದಂತೆ. ಉಳಿದವು ಬಿದ್ದದ್ದಲ್ಲ, ಹುಟ್ಟಿಯೇ ಇಲ್ಲ. ಇನ್ನೊಂದು ಹುಡುಗಿಯ ಹಲ್ಲುಗಳಿಗೆ ಮೇಲಿನ ಗಟ್ಟಿ ಪದರವೇ ಕಟ್ಟಿರಲಿಲ್ಲ, ಹದಿನಾಲ್ಕು ವರ್ಷಕ್ಕೇ ಸವೆದು ಮೊಂಡಾಗಿದ್ದವು. ಮುಂದಿನ ಎರಡು ಹಲ್ಲುಗಳ ನಡುವೆ ಮೂರನೆಯದೊಂದು ಪುಟ್ಟ ಗೂಟದಂತೆ ನುಗ್ಗಿ ಬಂದದ್ದೂ ಒಂದಿತ್ತು. ಅಕ್ಕನಿಗೆ ಆ ಮಕ್ಕಳ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಚೀಟಿಯಲ್ಲಿ ಬರುವುದು ವಯಸ್ಸು, ಗಂಡೋ ಹೆಣ್ಣೋ, ಮೇಲಿನದೋ ಕೆಳಗಿನದೋ, ಇಷ್ಟೇ. ಇಪ್ಪತ್ತೆಂಟು ವರ್ಷ ಬಾಯಿಗಳನ್ನೇ ನೋಡುತ್ತ ಕೂತವರು ಒಂದು ದಿನವೂ ಒಬ್ಬ ರೋಗಿಯನ್ನು ನೋಡಿರಲಿಲ್ಲ. ನೋಡಬೇಕೆಂದು ಎರಡು ಸಲ ಕೇಳಿದ್ದರಂತೆ. ಕ್ಲಿನಿಕ್ಕಿನವರ ಕೆಲಸ ಕ್ಲಿನಿಕ್ಕಿನವರಿಗೆ, ನಮ್ಮದು ನಮಗೆ ಎಂದರಂತೆ ಯಜಮಾನರು.

ಆ ಯಜಮಾನರು ತೂಗುಹಾಕಿದ ಹಲಗೆಯ ಬಗ್ಗೆಯೂ ಹೇಳಿಬಿಡಬೇಕು. ಮಾಡಿದ ಕೆಲಸ ಕ್ಲಿನಿಕ್ಕಿನಿಂದ ವಾಪಸ್ ಬಂದರೆ, ಕೊನೆಯಲ್ಲಿ ಅದನ್ನು ಮುಗಿಸಿದವರ ಹೆಸರಿನ ಮುಂದೆ ಕೆಂಪು ಚುಕ್ಕೆ. ಒಂದೇ ಕೆಲಸಕ್ಕೆ ಮೂರು ಚುಕ್ಕೆ ಬಿದ್ದರೆ ಅವರು ಮೇಜು ಬಿಟ್ಟು ಪ್ಯಾಕಿಂಗಿಗೆ ಹೋಗಬೇಕು. ಗಾರೆ ಕೋಣೆಗೆ ಹಲಗೆಯ ಮೇಲೆ ಸಾಲೇ ಇರಲಿಲ್ಲ. ಗಾರೆ ಏನು ತಪ್ಪು ಮಾಡೀತು ಎಂದು ಯಾರೂ ಯೋಚಿಸಿರಲಿಲ್ಲ. ನಾನಂತೂ ಯೋಚಿಸಲೇ ಇಲ್ಲ.

ಹೀಗಿರುವಾಗ ಎರಡು ಬೀದಿ ಆಚೆಯ ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಒಂದು ಅಚ್ಚು ಬಂತು. ಹೆಣ್ಣು, ಹತ್ತು ವರ್ಷ, ಮೇಲಿನ ದವಡೆ. ಮುಂದಕ್ಕೆ ತಳ್ಳಿಕೊಂಡ ಒಂದು ಬಾಚಿಹಲ್ಲನ್ನು ಒಳಕ್ಕೆ ತರಲು ತಂತಿಯ ಪ್ಲೇಟು ಬೇಕು ಎಂದಿತ್ತು. ನಾನು ಗಾರೆ ಹುಯ್ದೆ, ಬಿಡಿಸಿದೆ. ಆ ಬಾಚಿಹಲ್ಲಿನ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಗಂಟು. ಕೆರೆದೆ, ಒರೆಸಿದೆ, ಕಳಿಸಿದೆ. ಅಕ್ಕ ಪ್ಲೇಟು ಮಾಡಿದರು. ಗಾರೆ ದವಡೆಯ ಮೇಲೆ ಅದು ಟಕ್ ಎಂದು ಕೂತಿತು.

ಹುಡುಗಿಯ ಬಾಯಲ್ಲಿ ಕೂರಲಿಲ್ಲ. ಡಾಕ್ಟರಮ್ಮ ಅಲ್ಲಿ ಇಲ್ಲಿ ತೇಯ್ದು ನೋಡಿ, ಆಗದೆ, ಹೊಸ ಅಚ್ಚಿನ ಜೊತೆ ಪ್ಲೇಟನ್ನು ವಾಪಸ್ ಕಳಿಸಿದರು. ಚೀಟಿಯಲ್ಲಿ ಎರಡೇ ಪದ: ಕೂರುತ್ತಿಲ್ಲ, ಸರಿಪಡಿಸಿ. ಅಕ್ಕ ಹೊಸ ದವಡೆಯ ಮೇಲೆ ಹೊಸದೇ ಮಾಡಿದರು. ಅದೂ ವಾಪಸ್. ಮೂರನೆಯ ಅಚ್ಚಿಗೆ ಅಕ್ಕ ಭೂತಗನ್ನಡಿ ದೀಪವನ್ನು ಮೂಗಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ನಾಲ್ಕು ದಿನ ಕೂತರು. ಸಾಮಾನ್ಯವಾಗಿ ಅದು ಒಂದು ದಿನದ ಕೆಲಸ. ಮುಗಿದ ಮೇಲೆ ನನ್ನನ್ನು ಕರೆದು ಪ್ಲೇಟನ್ನು ದವಡೆಗೆ ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸಿದರು. “ಸರಿಯಾಗಿದೆ ತಾನೆ? ನೀನೇ ಹೇಳು.” ಕೂದಲೆಳೆಯೂ ತೂರದ ಹಾಗೆ ಕೂತಿದೆ ಅಕ್ಕಾ ಎಂದು ನಾನು ಪ್ರಮಾಣಪತ್ರ ಕೊಟ್ಟೆ. ಆರನೆಯ ದಿನ ವಾಪಸ್ ಬಂತು. ಈ ಸಲ ಚೀಟಿಯಲ್ಲಿ ‘ಸರಿಪಡಿಸಿ’ ಕೂಡ ಇರಲಿಲ್ಲ.

ಇದರಲ್ಲಿ ತಲೆ ಚಚ್ಚಿಕೊಳ್ಳುವಂಥದ್ದು ಏನೆಂದರೆ, ಎಲ್ಲರೂ ಯಾರನ್ನೋ ಒಬ್ಬರನ್ನು ದೂರಿದರು, ಆದರೆ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಹುಡುಗಿ ಅಚ್ಚು ತೆಗೆಯುವಾಗ ಓಕರಿಸಿ ಅಲ್ಲಾಡಿರಬೇಕು ಎಂದರು ಡಾಕ್ಟರಮ್ಮ. ಸುಮ್ಮನೆ ಕೂರೋಕೇನು ಧಾಡಿ ಎಂದು ಹುಡುಗಿಯ ತಾಯಿ ಹುಡುಗಿಯನ್ನು ಬೈದರಂತೆ. ಯಜಮಾನರು ಮೂರನೆಯ ಚುಕ್ಕೆ ಇಟ್ಟು, ಏನಮ್ಮ, ಕಣ್ಣು ಕೈ ಕೊಡ್ತಿದೆ ಅನ್ಸತ್ತೆ, ಸ್ವಲ್ಪ ದಿನ ಪ್ಯಾಕಿಂಗ್ ನೋಡ್ಕೊಳ್ಳಿ ಎಂದರು. ನಾನೂ ಹಿಂದೆ ಬೀಳಲಿಲ್ಲ. ಊಟದ ಹೊತ್ತಿನಲ್ಲಿ, ವಯಸ್ಸಾಗ್ತಾ ಬಂತಲ್ಲ, ಪಾಪ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದೆ. ಆ ಮಾತು ಈಗಲೂ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ಬರುತ್ತದೆ.

ಅಕ್ಕ ವಾದಿಸಲಿಲ್ಲ. ಅದೇ ನನಗೆ ಆಶ್ಚರ್ಯ. ಮೇಣದ ದೀಪ ಆರಿಸಿ, ಕೆತ್ತುವ ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತಿ, ಬಾಗಿಲ ಬಳಿಯ ಪ್ಯಾಕಿಂಗ್ ಮೇಜಿಗೆ ಹೋಗಿ ಕೂತು ಡಬ್ಬಿಗಳಿಗೆ ದಾರ ಕಟ್ಟತೊಡಗಿದರು. ಅವರ ಕಾಲು ಎಂದಿನಂತೆ ಮೇಜಿನ ಕೆಳಗೆ ತಗಡಿನ ಡಬ್ಬಿಯನ್ನು ಹುಡುಕುತ್ತಿತ್ತು. ಅಲ್ಲಿ ಡಬ್ಬಿ ಇರಲಿಲ್ಲ.

ವಾರದ ಮೇಲೆ ನಾಲ್ಕನೆಯ ಅಚ್ಚು ಬಂತು. ಇದು ಕೊನೆಯದು, ಇನ್ನು ಹುಡುಗಿ ಬಾಯಿ ಬಿಡುವುದಿಲ್ಲ ಅಂತಿದ್ದಾಳೆ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರಂತೆ. ಇದನ್ನು ನಾನೇ ಮಾಡ್ತೀನಿ ಎಂದು ಯಜಮಾನರು ತೋಳು ಮಡಚಿದರು. ನಾನು ಗಾರೆ ಹುಯ್ದೆ. ಬಿಡಿಸಿದೆ. ಚೂರಿ ಎತ್ತಿಕೊಂಡೆ.

ಕಣ್ಣಿಗಿಂತ ಮೊದಲು ಕೈ ಹೋಯಿತು. ದವಡೆಯನ್ನು ಸರಿಯಾಗಿ ನೋಡುವ ಮೊದಲೇ ನನ್ನ ಚೂರಿ ಎಡಗಡೆಯ ಬಾಚಿಹಲ್ಲಿನ ಹಿಂಬದಿಗೆ ಹೋಗಿ ನಿಂತಿತ್ತು, ಮನೆಯ ದಾರಿ ಗೊತ್ತಿರುವ ಎತ್ತಿನ ಹಾಗೆ. ಅಲ್ಲಿ ಗಂಟಿತ್ತು. ಅಕ್ಕಿಕಾಳಿನಷ್ಟು. ಹೋದ ಸಲವೂ ಅಲ್ಲೇ ಇತ್ತು. ಅದರ ಹಿಂದಿನ ಸಲವೂ. ಗಾಳಿ ಗುಳ್ಳೆಗೆ ಹುಡುಗಿಯ ಬಾಯಲ್ಲಿ ಖಾಯಂ ಜಾಗವೇನೂ ಇಲ್ಲವಲ್ಲ. ನಾಲ್ಕು ಸಲ ಹಿಟ್ಟು ಕಲಸಿದರೆ ನಾಲ್ಕು ಸಲವೂ ಅದೇ ಹಲ್ಲಿನ ಅದೇ ಬೆನ್ನಿಗೆ ಬಂದು ಕೂರುವ ಗುಳ್ಳೆ ಎಲ್ಲಾದರೂ ಉಂಟೇ?

ದೀಪದ ಕೆಳಗೆ ಹಿಡಿದು ನೋಡಿದೆ. ಗುಳ್ಳೆ ದುಂಡಗಿರುತ್ತದೆ. ಇದು ದುಂಡಗಿರಲಿಲ್ಲ. ಹಲ್ಲಿನ ಬುಡದಿಂದ ಏಣು ಕಟ್ಟಿಕೊಂಡು ಮೇಲೆದ್ದು, ತುದಿಯಲ್ಲಿ ಹಕ್ಕಿಯ ಉಗುರಿನಂತೆ ಬಾಗಿತ್ತು. ಖಾಲಿ ಬಿದ್ದಿದ್ದ ಅಕ್ಕನ ಮೇಜಿನ ಕೆಳಗೆ ಬಗ್ಗಿ ಡಬ್ಬಿ ತೆರೆದೆ. ತಳದಲ್ಲಿ, ಹಳದಿಗಟ್ಟಿದ ಒಂದು ದವಡೆಯಲ್ಲಿ, ಇಂಥದ್ದೇ ಉಗುರು ಇನ್ಯಾವುದೋ ಮಗುವಿನ ಬಾಚಿಹಲ್ಲಿಗಿತ್ತು. ಸುತ್ತ ಗುಳ್ಳೆಗಳೋ ಗುಳ್ಳೆಗಳು. ಗುಳ್ಳೆ ಮಾವನ ಕೈಕೆಲಸ. ಆ ಸೋಮಾರಿ ಮನುಷ್ಯ ಏನನ್ನೂ ಕೆರೆಯದೆ ಬಿಟ್ಟದ್ದರಿಂದ ಆ ಹಲ್ಲು ಉಳಿದುಕೊಂಡಿತ್ತು.

ಈಗ ನನ್ನ ಪರಿಸ್ಥಿತಿ ನೋಡಿ. ಗಂಟನ್ನು ಕೆರೆಯದೆ ಸುಮ್ಮನೆ ಕಳಿಸಿದರೆ ಆಯಿತು, ಯಜಮಾನರ ಪ್ಲೇಟು ಸರಿಯಾಗಿ ಕೂರುತ್ತದೆ. ಹುಡುಗಿಯ ಕೆಲಸ ಆಗುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಅಕ್ಕ ಮೂರು ಸಲ ಸೋತದ್ದನ್ನು ಯಜಮಾನರು ಒಂದೇ ಸಲಕ್ಕೆ ಮಾಡಿದ ಹಾಗಾಗುತ್ತದೆ. ಅಲ್ಲಿಗೆ ಅಕ್ಕನ ಮೇಜು ಹೋಯಿತು ಅಂತಲೇ ಲೆಕ್ಕ. ನಾನು ಧೈರ್ಯವಂತನಾಗಿದ್ದರೆ ಆ ಕ್ಷಣವೇ ಓಡಿ ಹೋಗಿ ಹೇಳುತ್ತಿದ್ದೆ. ನಾನು ದವಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಗಾರೆ ಇನ್ನೂ ಒಣಗಿಲ್ಲ ಸಾರ್ ಎಂದು ಎರಡು ದಿನ ಸುಳ್ಳು ಹೇಳಿದೆ. ಗಾರೆ ಒಣಗಲು ಒಂದು ಗಂಟೆ ಸಾಕು ಎಂದು ಗಾರೆ ಕೋಣೆಗೆ ಕಾಲೇ ಇಡದ ಯಜಮಾನರಿಗೆ ಗೊತ್ತಿಲ್ಲದಿರುವುದು ನನ್ನ ಪುಣ್ಯ. ಎರಡು ದಿನವೂ ಪ್ಯಾಕಿಂಗ್ ಮೇಜಿನ ಮುಂದೆ ನಾಲ್ಕು ಸಲ ಹಾದುಹೋದೆ. ನಾಲ್ಕು ಸಲವೂ ಒಂದು ಡಬ್ಬಿ ಎತ್ತಿ ನೋಡಿ, ದಾರ ಚೆನ್ನಾಗಿ ಕಟ್ಟಿದ್ದೀರಿ ಅಕ್ಕಾ ಎಂದು ಹೊಗಳಿ ಬಂದೆ.

ಮೂರನೆಯ ದಿನ ಅಕ್ಕನೇ ಕೇಳಿದರು. “ಏನೋ ನೀಟಪ್ಪ, ದಾರದ ಅಂಗಡಿ ಇಡ್ತೀಯಾ?”

ನಾನು ದವಡೆಯನ್ನು ಬಟ್ಟೆಯಿಂದ ಬಿಚ್ಚಿ ಅವರ ಮುಂದಿಟ್ಟೆ.

“ಆ ಹತ್ತು ವರ್ಷದ ಹುಡುಗೀದಾ? ಸಾರ್ ಮಾಡ್ತಾರಂತಲ್ಲ, ಮಾಡ್ಲಿ. ನನ್ನ ಕೇಳ್ಬೇಡ.” ಬೇಡ ಎನ್ನುತ್ತಲೇ ಅವರ ಹೆಬ್ಬೆರಳು ಹಲ್ಲುಗಳ ಹಿಂದೆ ಸರಿಯುತ್ತ ಹೋಯಿತು. ಗಂಟಿನ ಹತ್ತಿರ ನಿಂತಿತು. “ಇದೇನಿದು?”

“ಹಲ್ಲು ಅಕ್ಕಾ. ಹಲ್ಲಿನದೇ ಭಾಗ.”

“ಮುಂಚೆ ಮೂರರಲ್ಲೂ ಇರ್ಲಿಲ್ಲ.”

“ಇತ್ತು. ಗುಳ್ಳೆ ಅಂದ್ಕೊಂಡು ನಾನು ಕೆರೆದುಬಿಟ್ಟೆ.”

“ಮೂರು ಸಲಾನೂ?”

“ಮೂರು ಸಲಾನೂ.”

ಅವರು ಗಂಟಿನ ಮೇಲೆ ಮತ್ತೊಮ್ಮೆ ಹೆಬ್ಬೆರಳು ಆಡಿಸಿದರು. ಆಮೇಲೆ, “ಎಷ್ಟು ನೀಟಾಗಿ ಕೆರೆದಿದ್ದೀಯಪ್ಪ, ನನ್ನ ಬೆರಳಿಗೂ ಗೊತ್ತಾಗ್ಲಿಲ್ಲ” ಎಂದರು. ಕಪಾಳಕ್ಕೆ ಎರಡು ಬಿಗಿದಿದ್ದರೆ ವಾಸಿಯಿತ್ತು.

“ನಾನು ಕಣ್ಣಿನ ಡಾಕ್ಟರ ಹತ್ರ ಹೋಗ್ಬಂದೆ ಕಣೋ. ಕಣ್ಣು ಸರಿಯಾಗಿದೆ ಅಂದ್ರು, ನಾನು ನಂಬ್ಲಿಲ್ಲ. ಮನೇಲಿ ಕೂತ್ಕೊಂಡು ಸೂಜಿಗೆ ದಾರ ಪೋಣಿಸಿ ಪೋಣಿಸಿ ನೋಡ್ತಿದ್ದೀನಿ. ಇವರು ಕೇಳ್ತಾರೆ, ಯಾಕೆ ಇಷ್ಟು ಸೂಜಿ ಅಂತ.” ಅಕ್ಕನ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವರು, ಅವರ ಮನೆಯಲ್ಲಿ ಸೂಜಿಗಳಿಗೆ ಬರವಿಲ್ಲ. “ಕಣ್ಣು ಸರಿಯಿದ್ರೆ ಕೈಯೇ ಹೋಗಿರ್ಬೇಕು ಅಂದ್ಕೊಂಡೆ. ಕೈ ಹೋದ್ರೆ ನನ್ನ ಹತ್ರ ಇನ್ನೇನಿದೆ ಹೇಳು.”

ಅಕ್ಕ ಎದ್ದರು. ನನ್ನ ತೋಳು ಹಿಡಿದುಕೊಂಡೇ ಯಜಮಾನರ ಕೋಣೆಗೆ ನಡೆದರು. ತಪ್ಪಿಸಿಕೊಂಡು ಓಡಿಯಾನು ಎಂದಿರಬೇಕು.

ಯಜಮಾನರು ಮೊದಲು ನಂಬಲಿಲ್ಲ. ಗುಳ್ಳೆಯೇ ಇರಬೇಕು, ಅಕ್ಕನನ್ನು ಉಳಿಸೋಕೆ ನಾಟಕ ಆಡ್ತಿದ್ದೀಯ ಎಂದು ನನ್ನನ್ನೇ ಗದರಿದರು. ನಾನು ಅಷ್ಟು ಒಳ್ಳೆಯವನು ಎಂದು ಜೀವನದಲ್ಲಿ ಅವರೊಬ್ಬರೇ ಭಾವಿಸಿದ್ದು. ಅಕ್ಕ ಫೋನು ತೋರಿಸಿ, ಡಾಕ್ಟರಮ್ಮನಿಗೇ ಕೇಳಿ ಎಂದರು. ಕೇಳಿದರು. ಆ ಕಡೆಯ ಉತ್ತರ ನಮಗೂ ಕೇಳಿಸುವಷ್ಟು ಜೋರಾಗಿತ್ತು.

“ಇದೆಯಲ್ಲ ಸ್ವಾಮಿ ಉಗುರು, ಅದು ಇರೋದಕ್ಕೇ ತಾನೆ ಪ್ಲೇಟು. ದವಡೇಲಿ ಕಾಣತ್ತಲ್ಲ ಅಂತ ಚೀಟೀಲಿ ಬರೀಲಿಲ್ಲ. ಕಾಣ್ಲಿಲ್ವಾ ನಿಮಗೆ?”

ಲಕ್ಷಕ್ಕೊಂದೇನೂ ಅಲ್ಲ, ಆದರೆ ಅಪರೂಪ, ಹಲ್ಲು ರೂಪುಗೊಳ್ಳುವಾಗಲೇ ಹೀಗೆ ಒಂದು ಮೊನೆ ಹೆಚ್ಚಾಗಿ ಬೆಳೆಯುತ್ತದೆ ಎಂದು ವಿವರಿಸಿದರು. ಬಾಯಿ ಮುಚ್ಚಿದಾಗಲೆಲ್ಲ ಕೆಳಗಿನ ಹಲ್ಲು ಅದಕ್ಕೆ ತಾಗಿ ಮೇಲಿನದನ್ನು ಮುಂದಕ್ಕೆ ತಳ್ಳುತ್ತಿದೆ. ಒಮ್ಮೆಲೇ ತೇಯುವಂತಿಲ್ಲ, ಒಳಗೆ ನರ ಇರಬಹುದು. ಕೆಲವು ವಾರಕ್ಕೊಮ್ಮೆ ಕೂದಲೆಳೆಯಷ್ಟು ತೇಯುತ್ತ ತಿಂಗಳುಗಟ್ಟಲೆ ಕಾಯಬೇಕು. ತಿಂಗಳುಗಟ್ಟಲೆ. ನಾನು ಅದನ್ನು ಒಂದು ಉಸಿರಿನಲ್ಲಿ ಕೆರೆದು, ಊದಿ, ಬಟ್ಟೆಯಲ್ಲಿ ಒರೆಸಿದ್ದೆ.

ಯಜಮಾನರು ಕ್ಷಮೆ ಕೇಳಲಿಲ್ಲ. ಅವರು ಕ್ಷಮೆ ಕೇಳುವ ಜಾತಿಯವರಲ್ಲ, ನಿಯಮ ಪಾಲಿಸುವ ಜಾತಿಯವರು. ಹಲಗೆಯ ಬಳಿ ಹೋಗಿ ಅಕ್ಕನ ಮೂರು ಚುಕ್ಕೆ ಒರೆಸಿದರು. ಕೆಳಗೆ ಹೊಸ ಗೆರೆ ಎಳೆದು ‘ಗಾರೆ’ ಎಂದು ಬರೆದರು. ಅದರ ಮುಂದೆ ಒಂದು, ಎರಡು, ಮೂರು. ಹೀಗಾಗಿ ನನ್ನ ಸಾಲು ಹುಟ್ಟಿದ ನಿಮಿಷದಲ್ಲೇ ನಾನು ಪ್ಯಾಕಿಂಗಿಗೆ ವರ್ಗವಾದೆ.

ಪ್ಲೇಟನ್ನು ಅಕ್ಕನೇ ಮಾಡಿದರು, ಎಂದಿನಂತೆ ಒಂದೇ ದಿನದಲ್ಲಿ. ಆದರೆ ಡಬ್ಬಿಗೆ ದಾರ ಕಟ್ಟಲು ನನಗೆ ಕೊಡಲಿಲ್ಲ. ಈ ಸಲ ನಾನೇ ತಗೊಂಡು ಹೋಗ್ತೀನಿ, ಬಾಯಿ ನೋಡದೆ ಬರಲ್ಲ ಎಂದು ಯಜಮಾನರಿಗೆ ಹೇಳಿದರು, ಕೇಳಲಿಲ್ಲ, ಹೇಳಿದರು. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡರು.

ಕ್ಲಿನಿಕ್ಕಿನ ಕುರ್ಚಿಯಲ್ಲಿ ಹುಡುಗಿ ಎರಡೂ ತುಟಿ ಒಳಗೆಳೆದುಕೊಂಡು ಕೂತಿದ್ದಳು, ಬೀಗ ಹಾಕಿದ ಅಂಗಡಿಯ ಹಾಗೆ. ಅವಳ ತಾಯಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸದವರು. ಆರನೆಯ ಸಲ ರಜೆ ಹಾಕಿ ಬಂದಿದ್ದೇನೆ, ತೆಗೀ ಬಾಯಿ ಎಂದು ಬೇಡಿ, ಗದರಿ, ಸುಸ್ತಾಗಿ ಗೋಡೆಗೊರಗಿದ್ದರು. ಅಕ್ಕ ಯಾವ ಪುಸಲಾವಣೆಗೂ ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತು ಮೊದಲು ತಮ್ಮ ಕೆಳತುಟಿ ಎಳೆದು ಗುದ್ದಲಿ ಹಲ್ಲನ್ನು ತೋರಿಸಿದರು. ಆಮೇಲೆ ತಾಯಿಯ ಕಡೆ ತಿರುಗಿದರು.

“ಮಗು ಅಲ್ಲಾಡಿಲ್ಲಮ್ಮ. ಒಂದು ಸಲಾನೂ ಅಲ್ಲಾಡಿಲ್ಲ. ನಾಲ್ಕು ಅಚ್ಚೂ ಸರಿಯಾಗೇ ಇತ್ತು. ತಪ್ಪು ಮಾಡಿದ್ದು ಇವನು, ಗಾರೆ ದವಡೇಲಿ ಇವಳ ಹಲ್ಲು ಕೆರೆದುಹಾಕಿದ.”

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೀಗ ತೆರೆಯಿತು. “ನೀವೇನಾ ನನ್ನ ಹಲ್ಲು ಕೆರೆದಿದ್ದು?”

“ಹೂಂ.”

“ಮೂರು ಸಲ ವಾಂತಿ ಬಂತು ನಂಗೆ.”

“ತಪ್ಪಾಯ್ತು.”

“ಅಮ್ಮನೂ ಹೊಡೆದ್ಲು.” ತಾಯಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಹುಡುಗಿ ಇನ್ನೂ ಏನೇನೋ ಹೇಳುವುದರಲ್ಲಿದ್ದಳು. ಪಟ್ಟಿ ಉದ್ದವೇ ಇತ್ತು. ಅಷ್ಟರಲ್ಲಿ ಡಾಕ್ಟರಮ್ಮ ಪ್ಲೇಟನ್ನು ಒಳಗೆ ಹಾಕಿದರು. ಟಕ್. ಅಕ್ಕ ಬಗ್ಗಿ, ಕನ್ನಡಕ ಏರಿಸಿ, ಆ ಉಗುರನ್ನು ಅದು ಇರುವ ಜಾಗದಲ್ಲೇ, ಒದ್ದೆಯಾಗಿ, ಬಣ್ಣದೊಂದಿಗೆ ನೋಡಿದರು. ಡಾಕ್ಟರಮ್ಮ ಸಾಕಾ ಎಂದು ಎರಡು ಸಲ ಕೇಳಬೇಕಾಯಿತು.

ಇದಾಗಿ ಎರಡು ತಿಂಗಳು. ಪ್ಯಾಕಿಂಗಿನ ಒಂದು ತಿಂಗಳು ಮುಗಿಸಿ ನಾನು ಗಾರೆ ಕೋಣೆಗೆ ಮರಳಿದ್ದೇನೆ, ಚೂರಿ ಮರಳಿಲ್ಲ. ಅದು ಅಕ್ಕನ ತಗಡಿನ ಡಬ್ಬಿಯಲ್ಲಿದೆ. ಡಾಕ್ಟರಮ್ಮ ಈಗ ಪ್ರತಿ ಚೀಟಿಯಲ್ಲೂ ‘ಏನನ್ನೂ ಕೆರೆಯಬೇಡಿ’ ಎಂದು ಬರೆದು ಕಳಿಸುತ್ತಾರೆ. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಎಂಬತ್ತು ವರ್ಷದ ಅಜ್ಜನ ಚೀಟಿಯಲ್ಲೂ. ದವಡೆಯ ಮೇಲೆ ಎಲ್ಲಿ ಗಂಟು ಕಂಡರೂ ನಾನು ಅದನ್ನು ಹಿಡಿದುಕೊಂಡು ಅಕ್ಕನ ಮೇಜಿಗೆ ನಡೆಯಬೇಕು. ದಿನಕ್ಕೆ ಮೂವತ್ತು, ನಲವತ್ತು ಸಲ.

“ಅಕ್ಕಾ, ಇದು?”

“ಗುಳ್ಳೆ.” ಹೆಬ್ಬೆರಳು ಆಡಿಸಿ, ತಲೆ ಎತ್ತದೆ, ಅವರೇ ಕೆರೆದು ಕೊಡುತ್ತಾರೆ.

“ಇದು?”

“ಗುಳ್ಳೆ.”

ನಿನ್ನೆ ನನಗೂ ರೇಗಿತು. ಒಂದು ತಿಂಗಳಿಂದ ಒಂದಾದರೂ ಹಲ್ಲು ಸಿಕ್ಕಿದೆಯಾ ಅಕ್ಕಾ, ಎಲ್ಲಾ ಗುಳ್ಳೆಗಳೇ, ನನ್ನ ಕಾಲು ಬಿದ್ದುಹೋಗ್ತಿದೆ, ಚೂರಿ ಕೊಟ್ಟುಬಿಡಿ ಎಂದೆ. ಅವರು ಮೇಣದ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಗುಳ್ಳೆಗೇನು ಅವಸರ? ಕೆರೆಯೋ ತನಕ ಅಲ್ಲೇ ಇರತ್ತೆ. ಹೋಗು, ಇನ್ನೊಂದು ತಗೊಂಡ್ಬಾ.”

ನಲವತ್ತೊಂದನೆಯದನ್ನು ತರಲು ಹೋದೆ.